ಬಾಣಂತಿ ಮನೆಯ 42 ದಿನ

ಹೆರಿಗೆ ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಯಿತು ಅಂದ ಕೂಡಲೇ ಮನೆಯವರೆಲ್ಲ ನಿರಾಳರಾಗುತ್ತಾರೆ. ಆಶಾ ಕಾರ್ಯಕರ್ತೆಯರಾದ ನಮಗೆ ಕೆಲಸ ಶುರುವಾಗುವುದೇ ಆಗ. ಮಗು ಹುಟ್ಟಿದ 3ನೇ ದಿನ, 7ನೇ ದಿನ, ಆಮೇಲೆ 14, 21, 28, ಕೊನೆಗೆ 42ನೇ ದಿನ ಆ ಮನೆಗೆ ಹೋಗಲೇಬೇಕು. ಹೆರಿಗೆ ಮನೆಯಲ್ಲೇ ಆಗಿದ್ದರೆ ಮೊದಲ ದಿನದ ಭೇಟಿಯೂ ಸೇರುತ್ತದೆ. ದೇಶದಲ್ಲೆಲ್ಲ ಇದು ಜಾರಿಗೆ ಬಂದಿದ್ದು 2011ರಲ್ಲಿ. ಕಾಗದದ ಮೇಲೆ ಇದಕ್ಕೆ ಗೃಹಾಧಾರಿತ ನವಜಾತ ಶಿಶು ಆರೈಕೆ ಅಂತ ಹೆಸರು. ಊರಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. "ಆಶಕ್ಕ ಮಗ ತೂಗಕ್ಕೆ ಬಂದವ್ಳೆ" ಅನ್ನುತ್ತಾರೆ, ಅಷ್ಟೇ.

ದಿನಗಳನ್ನು ಹೀಗೆ ಗೊತ್ತು ಮಾಡಿರುವುದು ಸುಮ್ನೆ ಅಲ್ಲ. ಹುಟ್ಟಿದ ಒಂದು ತಿಂಗಳೊಳಗೆ ತೀರಿಕೊಳ್ಳುವ ಶಿಶುಗಳಲ್ಲಿ ಮುಕ್ಕಾಲು ಪಾಲು ಮೊದಲ ವಾರದಲ್ಲೇ ಹೋಗುತ್ತವೆ. ಅದೇ ವಾರ ತಾಯಿ ಆಸ್ಪತ್ರೆ ಬಿಟ್ಟು ಮನೆಗೆ ಬಂದಿರುತ್ತಾಳೆ. ನರ್ಸ್ ಇಲ್ಲ, ಡಾಕ್ಟರ್ ಇಲ್ಲ. ಮಗುವಿಗೆ ಏನೋ ಸರಿಯಿಲ್ಲ ಅಂತ ಮನೆಯವರಿಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಇಷ್ಟು ಚಿಕ್ಕ ಮಕ್ಕಳಿಗೆ ಕಾಯಿಲೆ ಬಂದರೆ ಜೋರಾಗಿ ಅಳುವುದಿಲ್ಲ, ಅಳು ನಿಲ್ಲಿಸುತ್ತವೆ. ತಾಯಿ "ಪಾಪ, ಚೆನ್ನಾಗಿ ನಿದ್ದೆ ಮಾಡ್ತಾ ಇದೆ" ಅಂದುಕೊಳ್ಳುತ್ತಾಳೆ.

ಈ ದಾರಿ ಮೊದಲು ತೋರಿಸಿದ್ದು ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆ. ಅಭಯ್ ಬಂಗ್ ಮತ್ತು ರಾಣಿ ಬಂಗ್ ಎಂಬ ಡಾಕ್ಟರ್ ದಂಪತಿ ಅಲ್ಲಿನ 39 ಹಳ್ಳಿಗಳಲ್ಲಿ ಊರಿನ ಹೆಂಗಸರಿಗೇ ತರಬೇತಿ ಕೊಟ್ಟರು. ಮಗುವನ್ನು ನೋಡುವುದು, ಬೆಚ್ಚಗಿಡುವುದು, ಸೋಂಕು ಗುರುತಿಸುವುದು, ಚಿಕಿತ್ಸೆ ಶುರು ಮಾಡುವುದು, ಎಲ್ಲ ಕಲಿಸಿದರು. ಮೂರು ವರ್ಷದಲ್ಲಿ ಆ ಹಳ್ಳಿಗಳ ನವಜಾತ ಶಿಶುಗಳ ಸಾವು ಅರ್ಧಕ್ಕಿಂತ ಜಾಸ್ತಿ ಇಳಿಯಿತು. 1999ರಲ್ಲಿ ಅದರ ವರದಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ತರಬೇತಿಯಲ್ಲಿ ನಮಗೆ ಇದನ್ನು ಹೇಳಿದಾಗ ನನಗೆ ಧೈರ್ಯ ಬಂದಿತ್ತು. ಅಲ್ಲಿದ್ದವರೂ ನಮ್ಮ ಹಾಗೆ ಊರಿನ ಹೆಂಗಸರೇ ಅಲ್ವಾ?

ನಮ್ಮ ತರಬೇತಿ ನಾಲ್ಕು ಸುತ್ತು, ಸುತ್ತಿಗೆ ಐದು ದಿನ. ಗೊಂಬೆ ಇಟ್ಟುಕೊಂಡು ಕಲಿತೆವು. ಥರ್ಮಾಮೀಟರ್ ಕಂಕುಳಲ್ಲಿ ಹೇಗೆ ಇಡಬೇಕು, ತಕ್ಕಡಿಯ ಮುಳ್ಳು ಸೊನ್ನೆಗೆ ಹೇಗೆ ತರಬೇಕು, ಕೈ ಹೇಗೆ ತೊಳೆಯಬೇಕು ಅಂತ ಮೊದಲಿಂದ ಹೇಳಿಕೊಟ್ಟರು. ಕೈ ತೊಳೆಯುವುದಕ್ಕೇ ಎಷ್ಟು ಹೊತ್ತು! ಬಳೆ ಮೇಲೆ ಸರಿಸಿ, ವಾಚು ಬಿಚ್ಚಿ, ಮೊಣಕೈ ತನಕ ಸೋಪು ಹಚ್ಚಿ, ಬೆರಳ ಸಂದಿ, ಉಗುರಿನ ಕೆಳಗೆ ತಿಕ್ಕಿ, ತೊಳೆದ ಮೇಲೆ ಬಟ್ಟೆಗೆ ಒರೆಸದೆ ಕೈ ಮೇಲೆತ್ತಿ ಗಾಳಿಗೆ ಒಣಗಿಸಬೇಕು. ಆಗ ಇಷ್ಟೊಂದು ಯಾಕೆ ಅನ್ನಿಸಿತ್ತು. ಈಗ ನಾನು ಬಾಣಂತಿ ಮನೆಗೆ ಹೋದರೆ ಮೊದಲು ಬಚ್ಚಲ ಕಡೆ ನಡೆಯುತ್ತೇನೆ. ಬಾಯಲ್ಲಿ ಹೇಳುವುದಕ್ಕಿಂತ ಅದನ್ನು ನೋಡಿ ಮನೆಯವರು ಕಲಿಯುವುದು ಜಾಸ್ತಿ.

ಎಷ್ಟೋ ಮನೆಗಳಿಗೆ ಹೀಗೆ ಹೋಗಿದ್ದೇನೆ. ಅದರಲ್ಲಿ ಒಂದು ಮನೆಯ ಕಥೆಯನ್ನು ಪೂರ್ತಿ ಹೇಳುತ್ತೇನೆ. ಈ 42 ದಿನ ಹೇಗಿರುತ್ತದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ.

ಹುಡುಗಿಗೆ ಚೊಚ್ಚಲು. ಗಂಡನ ಊರು ಬೇರೆ ತಾಲ್ಲೂಕು, ತಾಯಿ ಕಾರ್ಡ್ ಅಲ್ಲಿಯದು. ತಿಂಗಳು ತುಂಬುವ ಮುಂಚೆ ತವರಿಗೆ ಬಂದವಳು. ನಮ್ಮ ಕಡೆ ಇದು ದೊಡ್ಡ ತೊಡಕು. ಗರ್ಭಿಣಿಯ ಲೆಕ್ಕ ಒಂದು ಊರಿನ ಆಶಾ ಹತ್ತಿರ, ಹೆರಿಗೆ ಇನ್ನೊಂದು ಊರಲ್ಲಿ, ಬಾಣಂತನ ಮುಗಿಸಿ ಮತ್ತೆ ಹಳೇ ಊರಿಗೆ. ಈ ಮಧ್ಯೆ ಯಾರ ಪಟ್ಟಿಯಲ್ಲೂ ಇಲ್ಲದ ತಾಯಿ ಮಗು ಎಷ್ಟೋ. ಹಾಗಾಗಿ ಬೀದಿಯಲ್ಲಿ ಯಾರ ಮನೆಗೆ ಮಗಳು ಬಂದಳು ಅನ್ನುವುದನ್ನು ನಾನು ಕಿವಿಗೆ ಹಾಕಿಕೊಳ್ಳುತ್ತಲೇ ಇರುತ್ತೇನೆ. ಇವಳು ಬಂದಿದ್ದನ್ನು ಅಂಗನವಾಡಿ ಟೀಚರ್ ಹೇಳಿದರು. ಅವತ್ತೇ ಹೋಗಿ ಕಾರ್ಡ್ ನೋಡಿದೆ. ಹಿಮೋಗ್ಲೋಬಿನ್ 9ರ ಆಸುಪಾಸು. ಗರ್ಭಿಣಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಕಬ್ಬಿಣದ ಮಾತ್ರೆ 180 ನುಂಗಬೇಕು. ಇವಳು ವಾಂತಿ ಬರುತ್ತದೆ ಅಂತ ಅರ್ಧಕ್ಕೆ ಬಿಟ್ಟಿದ್ದಳು. ರಾತ್ರಿ ಊಟ ಆಗಿ ಒಂದು ಗಂಟೆ ಬಿಟ್ಟು ತಗೋ, ಕಾಫಿ ಟೀ ಜೊತೆ ಬೇಡ ಅಂದೆ. ಅಷ್ಟು ಮಾಡಿದಳು. ಆದರೆ ಉಳಿದಿದ್ದ ದಿನ ಕಡಿಮೆ.

ಹೆರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಆಯಿತು. ಗಂಡು ಮಗು, ತೂಕ 2 ಕೆಜಿ 100 ಗ್ರಾಂ. ಎರಡೂವರೆ ಕೆಜಿಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕದ ಮಗು. ಉಸಿರು ಚೆನ್ನಾಗಿತ್ತು, ಹಾಲು ಚೀಪುತ್ತಿತ್ತು, ಹಾಗಾಗಿ ಮನೆಗೆ ಕಳಿಸಿದರು.

3ನೇ ದಿನ ನಾನು ಹೋದಾಗ ಹುಡುಗಿಯ ಅಮ್ಮ ಕೂಲಿಗೆ ಹೋಗಿದ್ದರು. ಮನೆಯಲ್ಲಿ ಇದ್ದಿದ್ದು ಅಜ್ಜಿ. ಅಂದರೆ ಮಗುವಿಗೆ ಮುತ್ತಜ್ಜಿ. ಬಾಣಂತನದ ಯಜಮಾನಿಕೆ ಪೂರ್ತಿ ಅವರದೇ. ನಾನು ಒಳಗೆ ಕಾಲಿಡುವ ಹೊತ್ತಿಗೆ ಮಗುವಿಗೆ ಎಣ್ಣೆ ನೀರು ಆಗಿ, ಸಾಂಬ್ರಾಣಿ ಹೊಗೆ ಹಾಕಿ ಮಲಗಿಸಿದ್ದರು. ಕಿಟಕಿ ಬಾಗಿಲು ಎಲ್ಲ ಮುಚ್ಚಿ, ಹೊಗೆಗೆ ನನ್ನ ಕಣ್ಣೇ ಉರಿಯಿತು.

ಇಂಥ ಹೊತ್ತಲ್ಲಿ "ಯಾಕಜ್ಜಿ ಹೀಗೆ ಮಾಡಿದ್ರಿ" ಅಂತ ಶುರು ಮಾಡಿದರೆ ಕೆಲಸ ಕೆಡುತ್ತದೆ. ಆ ಅಜ್ಜಿ ಹೆತ್ತು ಸಾಕಿದವರು. ಮನೆ ಮಂದಿಗೆಲ್ಲ ಬಾಣಂತನ ಮಾಡಿದವರು. ಅವರ ಮುಂದೆ ನಿಂತು ಪಾಠ ಹೇಳುವುದು ನನಗೆ ಮನಸ್ಸಿಗೂ ಒಪ್ಪುವುದಿಲ್ಲ. ಕೈ ತೊಳೆದು ಬಂದು ಕೂತೆ. ಮೊದಲು ಹುಡುಗಿಯನ್ನು ಕೇಳಿದೆ. ಊಟ ಸೇರ್ತಾ ಇದೆಯಾ, ರಕ್ತ ಎಷ್ಟು ಹೋಗ್ತಾ ಇದೆ, ಬಟ್ಟೆ ಎಷ್ಟು ಸಲ ಬದಲಾಯಿಸ್ತೀಯ, ಜ್ವರ ಬಂತಾ, ಮೂತ್ರ ಸಲೀಸಾಗಿ ಆಗ್ತಾ ಇದೆಯಾ. ಆಮೇಲೆ ಮಗು.

ಮಗು ಮಲಗಿರುವಾಗಲೇ ಉಸಿರು ಎಣಿಸಬೇಕು. ಎತ್ತಿದ ಮೇಲೆ ಅತ್ತರೆ ಲೆಕ್ಕ ಸಿಗುವುದಿಲ್ಲ. ಅಂಗಿ ಸ್ವಲ್ಪ ಮೇಲೆ ಸರಿಸಿ, ವಾಚು ಮಗುವಿನ ಹೊಟ್ಟೆಯ ಪಕ್ಕಕ್ಕೆ ಹಿಡಿದು, ಹೊಟ್ಟೆ ಏರಿದ್ದು ಇಳಿದಿದ್ದು ಒಂದು ಅಂತ ಎಣಿಸುತ್ತೇವೆ. ಪೂರ್ತಿ ಒಂದು ನಿಮಿಷ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವ ಹಾಗಿಲ್ಲ. ಇಷ್ಟು ಸಣ್ಣ ಮಕ್ಕಳು ಒಂದಷ್ಟು ಸಲ ದಡದಡ ಉಸಿರಾಡಿ, ಆಮೇಲೆ ಕ್ಷಣ ಹೊತ್ತು ನಿಲ್ಲಿಸಿ, ಮತ್ತೆ ಶುರು ಮಾಡುತ್ತವೆ. 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೊಂದು ಸಲ ಎಣಿಸಬೇಕು. ಆಗಲೂ ಅಷ್ಟೇ ಬಂದರೆ ಅಪಾಯ. ಇವನದು 48. ಎದೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿರಲಿಲ್ಲ. ಹೊಕ್ಕುಳ ಒಣಗುತ್ತಿತ್ತು. ಕೀವು ಇರಲಿಲ್ಲ, ಪುಣ್ಯಕ್ಕೆ ಏನನ್ನೂ ಹಚ್ಚಿರಲಿಲ್ಲ.

ಆಮೇಲೆ ಪಾದ ಮುಟ್ಟಿದೆ. ತಣ್ಣಗಿತ್ತು. ಹೊಟ್ಟೆ ಮುಟ್ಟಿದೆ. ಅದೂ ತಣ್ಣಗೆ. ಥರ್ಮಾಮೀಟರ್ ಕಂಕುಳಲ್ಲಿಟ್ಟು ಕೈ ಒತ್ತಿ ಹಿಡಿದೆ. ಬೀಪ್ ಅಂದಾಗ ನೋಡಿದರೆ 95.8.

ಥರ್ಮಾಮೀಟರನ್ನು ಅಜ್ಜಿಯ ಕೈಗೇ ಕೊಟ್ಟೆ. "ಅಜ್ಜಿ, ನಮಗೆ ಜ್ವರ ಇಲ್ಲದೆ ಇದ್ದಾಗ ಇದರಲ್ಲಿ 98 ತೋರಿಸುತ್ತೆ. ಇವನದು ನೋಡಿ" ಅಂದೆ. ಅವರಿಗೆ ಅಂಕಿ ಓದಲು ಬರುತ್ತಿತ್ತು. "ಬಿಸಿನೀರು ಹುಯ್ದಿವ್ನಿ ಕಣವ್ವ, ತಣ್ಣಗೆ ಹೆಂಗಾಯ್ತದೆ?" ಅಂದರು. ಒಳ್ಳೇ ಪ್ರಶ್ನೆ. ನೀರು ಬಿಸಿ ಇದ್ದರೂ ಒದ್ದೆ ಮೈ ಗಾಳಿಗೆ ಆರುವಾಗ ಮೈಯ ಕಾವನ್ನು ಎಳೆದುಕೊಂಡು ಹೋಗುತ್ತದೆ. ತುಂಬು ತೂಕದ ಮಗುವಿಗೆ ಚರ್ಮದ ಕೆಳಗೆ ಸ್ವಲ್ಪ ಕೊಬ್ಬು ಇರುತ್ತದೆ, ತಡೆದುಕೊಳ್ಳುತ್ತದೆ. ಇವನಿಗೆ ಆ ಕೊಬ್ಬು ಇಲ್ಲ. ಮೈ ಬೆಚ್ಚಗಿಟ್ಟುಕೊಳ್ಳುವುದಕ್ಕೇ ಕುಡಿದ ಹಾಲೆಲ್ಲ ಖರ್ಚಾಗುತ್ತದೆ, ತೂಕ ಏರುವುದಿಲ್ಲ. ಹಾಗೇ ತಣ್ಣಗಾಗುತ್ತಾ ಹೋದರೆ ಚೀಪುವ ಶಕ್ತಿಯೂ ಹೋಗುತ್ತದೆ. ಇದನ್ನೆಲ್ಲ ಹೀಗೇ ಬಿಡಿಸಿ ಹೇಳಿದೆ. ಅಜ್ಜಿ ಮಾತಾಡಲಿಲ್ಲ. ಥರ್ಮಾಮೀಟರ್ ಕೈಯಲ್ಲೇ ಹಿಡಿದುಕೊಂಡಿದ್ದರು.

"ಈಗೇನು ಮಾಡಬೇಕು ಹೇಳು" ಅಂದರು ಕೊನೆಗೆ. ಆ ಮನೆಯಲ್ಲಿ ನನ್ನ ಕೆಲಸ ನಿಜವಾಗಿ ಶುರುವಾಗಿದ್ದು ಆಗ.

ಹುಡುಗಿಯ ರವಿಕೆ ಬಿಚ್ಚಿಸಿ, ಮಗುವಿಗೆ ಬರೀ ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟು ಎದೆಯ ಮಧ್ಯೆ ನೆಟ್ಟಗೆ ಮಲಗಿಸಿದೆ. ತಲೆ ಒಂದು ಕಡೆ ತಿರುಗಿಸಿ, ಮೂಗು ಬಾಯಿ ಮುಚ್ಚದ ಹಾಗೆ. ಕೈಕಾಲು ಕಪ್ಪೆಯ ಹಾಗೆ ಮಡಿಸಿ. ಮೇಲೆ ಹಳೇ ಮೆತ್ತನೆ ಹತ್ತಿ ಸೀರೆಯಿಂದ ಸುತ್ತಿ ಕಟ್ಟಿದೆ. ಇದಕ್ಕೆ ಕಾಂಗರೂ ಆರೈಕೆ ಅನ್ನುತ್ತಾರೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ಎಡ್ಗರ್ ರೇ ಸನಾಬ್ರಿಯಾ ಎಂಬ ಡಾಕ್ಟರ್ ಇದನ್ನು ಶುರು ಮಾಡಿದರು. ಅವರ ಆಸ್ಪತ್ರೆಯಲ್ಲಿ ಮಕ್ಕಳನ್ನು ಬೆಚ್ಚಗಿಡುವ ಯಂತ್ರಗಳು ಸಾಲುತ್ತಿರಲಿಲ್ಲ. ತಾಯಿಯ ಮೈಗಿಂತ ಬೇರೆ ಯಂತ್ರ ಬೇಕಾ ಅಂತ ಹಾಗೇ ಕಟ್ಟಿಸಿದರು. ಈಗ ಪ್ರಪಂಚದಲ್ಲೆಲ್ಲ ಮಾಡುತ್ತಾರೆ.

ಅಷ್ಟು ಹೊತ್ತಿಗೆ ಹೊಗೆ ಹೋಗಲಿ ಅಂತ ಅಜ್ಜಿಯೇ ಎದ್ದು ಬಾಗಿಲು ತೆಗೆದರು. ನಾನು ಹೇಳಿರಲಿಲ್ಲ.

ಒಂದು ಗಂಟೆ ಅಲ್ಲೇ ಕೂತೆ. ಆ ಹೊತ್ತಲ್ಲಿ ಹಾಲು ಕುಡಿಸುವುದನ್ನು ನೋಡಿದೆ. ಮಗು ಮೊಲೆತೊಟ್ಟಿನ ತುದಿ ಮಾತ್ರ ಹಿಡಿಯುತ್ತಿತ್ತು. ಹಾಗಾದರೆ ಹಾಲು ಬರುವುದಿಲ್ಲ, ತಾಯಿಗೆ ತೊಟ್ಟು ಒಡೆದು ನೋವು. ಬಾಯಿ ದೊಡ್ಡದಾಗಿ ತೆರೆಯುವ ತನಕ ಕಾದು, ಕೆಳತುಟಿ ಹೊರಕ್ಕೆ ಮಡಚಿರಬೇಕು, ಗಲ್ಲ ಎದೆಗೆ ತಾಗಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲುಗಡೆ ಜಾಸ್ತಿ ಕಾಣಬೇಕು. ಕೂರುವ ರೀತಿ ಬದಲಾಯಿಸಿ, ಬೆನ್ನಿಗೆ ದಿಂಬು ಕೊಟ್ಟು ಮತ್ತೆ ಹಿಡಿಸಿದೆವು. ಈ ಸಲ ಗುಟುಕು ಗುಟುಕಾಗಿ ನುಂಗುವ ಶಬ್ದ ಕೇಳಿಸಿತು. ಆದರೆ ಸಣ್ಣ ಮಗು, ಬೇಗ ಸುಸ್ತಾಗಿ ನಿದ್ದೆ ಹೋಯಿತು. ಉಳಿದ ಹಾಲು ಕೈಯಿಂದ ಹಿಂಡಿ, ಕುದಿಸಿದ ಒಳಲೆಯಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸುವುದನ್ನು ಅಜ್ಜಿ ತೋರಿಸಿಕೊಟ್ಟರು. ಒಳಲೆ ಹಿಡಿಯುವುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಹಗಲು ರಾತ್ರಿ ಎರಡೆರಡು ಗಂಟೆಗೆ ಎಬ್ಬಿಸಿ ಕುಡಿಸಬೇಕು ಅಂದೆ.

ಮತ್ತೆ ಥರ್ಮಾಮೀಟರ್ ಇಟ್ಟೆ. 97.9. ಅಜ್ಜಿಯೇ ಓದಿದರು.

ತೂಕ ಆಮೇಲೆ ಹಾಕಿದ್ದು. ತಕ್ಕಡಿಗೆ ಮೊದಲು ಬರೀ ಜೋಲಿ ಸಿಕ್ಕಿಸಿ, ಮುಳ್ಳು ಸೊನ್ನೆಗೆ ತಂದು, ಆಮೇಲೆ ಮಗುವನ್ನು ಜೋಲಿಯಲ್ಲಿ ಮಲಗಿಸಿ ನಿಧಾನವಾಗಿ ಎದ್ದು ನಿಲ್ಲಬೇಕು. ಮುಳ್ಳು ಕಣ್ಣಿನ ನೇರಕ್ಕೆ ಬರಬೇಕು, ಇಲ್ಲದಿದ್ದರೆ ತಪ್ಪು ಓದುತ್ತೇವೆ. 2 ಕೆಜಿ. ಹುಟ್ಟಿದಾಗಿನಕ್ಕಿಂತ 100 ಗ್ರಾಂ ಕಡಿಮೆ. ಮೊದಲ ದಿನಗಳಲ್ಲಿ ಎಲ್ಲ ಮಕ್ಕಳೂ ಸ್ವಲ್ಪ ಇಳಿಯುತ್ತವೆ, ಗಾಬರಿ ಬೇಡ ಅಂದೆ. ಸ್ನಾನ ಸದ್ಯಕ್ಕೆ ಬೇಡ, ತೂಕ ಏರುವ ತನಕ ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಹಿಂಡಿ ಬೇಗ ಒರೆಸಿ ಬಿಡೋಣ ಅಂದೆ. "ಎಣ್ಣೆ?" ಅಂದರು ಅಜ್ಜಿ. ಎಣ್ಣೆ ಹಗುರವಾಗಿ ಸವರಿದರೆ ಏನೂ ತೊಂದರೆಯಿಲ್ಲ, ಮೂಗಿಗೆ ಕಿವಿಗೆ ಬಿಡಬೇಡಿ ಅಂದೆ. ಎಲ್ಲದಕ್ಕೂ ಬೇಡ ಬೇಡ ಅನ್ನುತ್ತಾ ಹೋದರೆ ಯಾವ ಮನೆಯಲ್ಲೂ ನಮ್ಮ ಮಾತು ನಡೆಯುವುದಿಲ್ಲ. ಅಪಾಯ ಇರುವುದನ್ನು ಮಾತ್ರ ತಡೆಯಬೇಕು. ಜೇನು ಬೇಡ, ಸಕ್ಕರೆ ನೀರು ಬೇಡ, ಹೊಗೆ ಬೇಡ. ಉಳಿದಿದ್ದು ಅವರವರ ಮನೆಯ ಪದ್ಧತಿ.

ಕಡಿಮೆ ತೂಕದ ಮಗು ಅಂದಮೇಲೆ ಪಟ್ಟಿಯಲ್ಲಿರುವ ದಿನಗಳಿಗೆ ಕಾಯುವ ಹಾಗಿಲ್ಲ. ಆ ಬೀದಿಗೆ ಹೋದಾಗೆಲ್ಲ ಒಳಗೆ ಇಣುಕುತ್ತಿದ್ದೆ. ಒಂದು ಸಂಜೆ ಹೋದರೆ ಹುಡುಗಿ ಊಟ ಮಾಡುತ್ತಿದ್ದಳು, ಮಗು ಅಜ್ಜಿಯ ಎದೆಗೆ ಕಟ್ಟಿಕೊಂಡಿತ್ತು. ಕಾಂಗರೂ ಆರೈಕೆ ತಾಯಿಯೇ ಮಾಡಬೇಕು ಅಂತ ಇಲ್ಲ, ಆರೋಗ್ಯವಾಗಿರುವ ಯಾರು ಬೇಕಾದರೂ ಮಾಡಬಹುದು ಅಂತ ನಾನು ಹೇಳಿದ್ದನ್ನು ಅವರು ನೆನಪಿಟ್ಟಿದ್ದರು. ಆ ವಾರಾಂತ್ಯ ಬಂದ ಮಗುವಿನ ಅಪ್ಪನಿಗೂ ಕಟ್ಟಿಸಿದರಂತೆ. ಅವನು ನಾಚಿಕೊಂಡು ಗೋಡೆ ಕಡೆ ತಿರುಗಿ ಕೂತಿದ್ದನಂತೆ.

7ನೇ ದಿನವೂ ತೂಕ ಎರಡೇ ಕೆಜಿ. ಮೂತ್ರ ದಿನಕ್ಕೆ ಆರೇಳು ಸಲ ಆಗುತ್ತಿತ್ತು, ಅಂದರೆ ಹಾಲು ಸಾಲುತ್ತಿದೆ. ಮೈ ಬೆಚ್ಚಗಿತ್ತು. ಪರವಾಗಿಲ್ಲ ಅನ್ನಿಸಿತು.

ಎರಡನೇ ವಾರ ಕಳೆಯುವ ಮುಂಚೆ ಒಂದು ಬೆಳಿಗ್ಗೆ ಅಜ್ಜಿ ಫೋನ್ ಮಾಡಿಸಿದರು. "ರಾತ್ರಿಯಿಂದ ಹಾಲು ಹಿಡಿತಾ ಇಲ್ಲ. ಹಿಡಿದ್ರೂ ಬಿಟ್ಬುಡ್ತಾನೆ. ಕೈಕಾಲು ಜೋತು ಬಿದ್ದಂಗೆ ಅವೆ. ಬಾ ಬೇಗ." ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ಸೋಂಕಿನ ಲಕ್ಷಣಗಳನ್ನು ಪ್ರತಿ ಸಲವೂ ಆ ಮನೆಯಲ್ಲಿ ಹೇಳಿದ್ದೆ. ಮಗು ಕುಡಿಯುವುದು ನಿಲ್ಲಿಸಿದರೆ, ಅಳು ಕ್ಷೀಣವಾದರೆ, ಕೈಕಾಲು ಬಿಗಿ ಇಲ್ಲದೆ ಜೋತರೆ, ಹೊಟ್ಟೆ ಉಬ್ಬಿದರೆ, ವಾಂತಿ ಮಾಡಿದರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಎದೆ ಒಳಕ್ಕೆ ಸೆಳೆದರೆ, ಹೊಕ್ಕುಳಲ್ಲಿ ಕೀವು ಬಂದರೆ, ನನಗಾಗಿ ಕಾಯಬೇಡಿ, ಫೋನ್ ಮಾಡಿ ಅಂತ.

ಹೋಗಿ ಎಣಿಸಿದೆ, 66. ಮತ್ತೆ ಎಣಿಸಿದೆ, 68. ಮೈ ತಣ್ಣಗೆ. 108ಕ್ಕೆ ಫೋನ್ ಮಾಡಿ, ಉಪಕೇಂದ್ರದ ಸಿಸ್ಟರ್‌ಗೂ ಹೇಳಿದೆ. ಗಾಡಿ ಬರುವುದರೊಳಗೆ ಸಿಸ್ಟರ್ ಸ್ಕೂಟರ್‌ನಲ್ಲಿ ಬಂದು ಜೆಂಟಾಮೈಸಿನ್ ಇಂಜೆಕ್ಷನ್‌ನ ಮೊದಲ ಡೋಸ್ ಕೊಟ್ಟರು. ಇಷ್ಟು ಚಿಕ್ಕ ಮಕ್ಕಳ ಸೋಂಕು ಗಂಟೆ ಗಂಟೆಗೂ ಏರುತ್ತದೆ. ದಾರಿಯ ಹೊತ್ತು ವ್ಯರ್ಥವಾಗದೆ ಇರಲಿ ಅಂತ ಆ ಡೋಸ್.

ಅಷ್ಟರಲ್ಲಿ ಹುಡುಗಿಯ ಚಿಕ್ಕಪ್ಪ ಬಂದು, ಜಿಲ್ಲಾಸ್ಪತ್ರೆ ದೂರ, ಪಕ್ಕದ ಊರಿನ ಕ್ಲಿನಿಕ್‌ನಲ್ಲಿ ಒಂದು ಸೂಜಿ ಹಾಕಿಸಿದರೆ ಸರಿಹೋಗುತ್ತೆ, ಅಷ್ಟು ದೂರ ಯಾಕೆ ಅಂದರು. ಇಂಥ ಮಾತಿನಲ್ಲಿ ಅರ್ಧ ದಿನ ಹೋಗಿ ಮಕ್ಕಳು ಕೈ ತಪ್ಪಿದ್ದು ನನಗೆ ಗೊತ್ತು. ನಾನು ಬಾಯಿ ತೆರೆಯುವ ಮುಂಚೆ ಅಜ್ಜಿ ಎದ್ದು ನಿಂತರು. "ಅವ್ಳು ಎರಡು ಸಲ ಎಣಿಸವ್ಳೆ. ನಾನೂ ನೋಡಿವ್ನಿ. ಗಾಡಿ ಹತ್ತಿ" ಅಂದರು. ಮುಂದೆ ಯಾರೂ ಮಾತಾಡಲಿಲ್ಲ.

ಮಗುವನ್ನು ತಾಯಿಯ ಎದೆಗೆ ಕಟ್ಟಿಯೇ ಕರೆದುಕೊಂಡು ಹೋದೆವು. ನಾನೂ ಜೊತೆಗೆ ಹೋದೆ. ಜಿಲ್ಲಾಸ್ಪತ್ರೆಯ ನವಜಾತ ಶಿಶುಗಳ ವಿಶೇಷ ಘಟಕಕ್ಕೆ, ಊರಿನವರು ಮಕ್ಕಳ ಐಸಿಯು ಅನ್ನುತ್ತಾರೆ, ತಕ್ಷಣ ಸೇರಿಸಿಕೊಂಡರು. ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಗೂ ಶಿಶುವಿಗೂ ಚಿಕಿತ್ಸೆ, ಔಷಧಿ, ರಕ್ತ ಪರೀಕ್ಷೆ, ಓಡಾಟದ ಗಾಡಿ ಎಲ್ಲ ಉಚಿತ. ಇದು 2011ರಿಂದ ಇರುವ ಹಕ್ಕು. ಆದರೂ ದುಡ್ಡಿನ ಭಯಕ್ಕೆ ಹಿಂದೇಟು ಹಾಕುವ ಮನೆಗಳು ಇವತ್ತಿಗೂ ಇವೆ. ಅದಕ್ಕೇ ಗಾಡಿ ಹತ್ತುವಾಗಲೇ ಒಂದು ಸಲ ಜೋರಾಗಿ ಹೇಳಿಬಿಡುತ್ತೇನೆ.

ಸೋಂಕು ಅಂತಲೇ ಗೊತ್ತಾಯಿತು. ಡ್ರಿಪ್, ಆಂಟಿಬಯಾಟಿಕ್. ಹುಡುಗಿ ಹಾಲು ಹಿಂಡಿ ಕೊಡುತ್ತಾ ಅಲ್ಲೇ ಇದ್ದಳು. ಮಗು ಗುಣವಾಗಿ ಮನೆಗೆ ಬಂತು.

ಮಗುವಿನ ಬಗ್ಗೆಯೇ ಹೇಳುತ್ತಿದ್ದೇನೆ. ಆದರೆ ಈ ಭೇಟಿಗಳು ತಾಯಿಗೂ ಅಷ್ಟೇ ಮುಖ್ಯ. ಮಗು ಹುಟ್ಟಿದ ಕೂಡಲೇ ಎಲ್ಲರ ಕಣ್ಣೂ ತೊಟ್ಟಿಲ ಕಡೆ ಹೋಗುತ್ತದೆ, ತಾಯಿಯನ್ನು ಕೇಳುವವರು ಕಡಿಮೆ. ಇನ್ನೊಂದು ಮನೆಯಲ್ಲಿ 7ನೇ ದಿನ ಹೋಗಿದ್ದೆ. ಮಗು ಗುಂಡುಗುಂಡಾಗಿ ಚೆನ್ನಾಗಿತ್ತು. ಬಾಣಂತಿ ತಲೆಗೆ ಬಟ್ಟೆ ಬಿಗಿದುಕೊಂಡು ಮೂಲೆಯಲ್ಲಿ ಕೂತಿದ್ದಳು. ತಲೆನೋವು, ಎರಡು ದಿನದಿಂದ. ನಿದ್ದೆ ಇಲ್ಲದೆ ಹೀಗಾಗಿದೆ ಅಂದರು ಅತ್ತೆ. "ಕಣ್ಣು ಮಂಜಾಗುತ್ತಾ?" ಅಂತ ಕೇಳಿದೆ. "ಹೂಂ ಅಕ್ಕ, ಬಾಗಿಲ ಹತ್ರ ಮಿಂಚು ಮಿಂಚು ಕಾಣುತ್ತೆ" ಅಂದಳು. ಮುಖ ಊದಿತ್ತು. ಅವಳನ್ನು ಹಾಗೇ ಆಟೋ ಹತ್ತಿಸಿಕೊಂಡು ಪಿಎಚ್‌ಸಿಗೆ ಹೋದೆ. ಬಿಪಿ 160 ದಾಟಿತ್ತು. ಹೆರಿಗೆ ಆದಮೇಲೆ ಬಿಪಿ ತಾನಾಗಿ ಇಳಿಯುತ್ತದೆ ಅಂತ ಜನ ಅಂದುಕೊಂಡಿರುತ್ತಾರೆ. ಹೆರಿಗೆಯಾಗಿ ದಿನಗಳಾದ ಮೇಲೂ ಏರಬಹುದು, ಫಿಟ್ಸ್ ಬರಬಹುದು. ಡಾಕ್ಟರ್ ಫಿಟ್ಸ್ ತಡೆಯುವ ಮೆಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್ ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸಿದರು. ಉಳಿದಳು.

2004-06ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಮಕ್ಕಳು ಹುಟ್ಟಿದರೆ 213 ತಾಯಂದಿರು ಸಾಯುತ್ತಿದ್ದರು. 2018-20ರ ಲೆಕ್ಕದಲ್ಲಿ ಅದು 69ಕ್ಕೆ ಇಳಿದಿದೆ. ಆಸ್ಪತ್ರೆ ಹೆರಿಗೆ, ಆಂಬುಲೆನ್ಸ್, ರಕ್ತನಿಧಿ, ಎಲ್ಲದರ ಪಾಲೂ ಇದರಲ್ಲಿದೆ. ಮೂಲೆಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತವಳನ್ನು ಹೋಗಿ ಮಾತಾಡಿಸಿದವರ ಪಾಲೂ ಇದೆ ಅಂತ ನಾನು ನಂಬಿದ್ದೇನೆ.

ಇಷ್ಟು ಕೆಲಸಕ್ಕೆ, ಅಂದರೆ ಒಂದು ಶಿಶುವಿನ ಎಲ್ಲ ಭೇಟಿ ಮುಗಿಸಿ, ತೂಕ ಬರೆದು, ಲಸಿಕೆ ಹಾಕಿಸಿ, ಜನನ ನೋಂದಣಿ ಮಾಡಿಸಿದರೆ ಸಿಗುವ ಪ್ರೋತ್ಸಾಹಧನ 250 ರೂಪಾಯಿ. ಗಾಡಿ ಜೊತೆ ಹೋಗಿ ವಾಪಸ್ ಬರುವ ಬಸ್ಸು, ರಾತ್ರಿ ಎದ್ದು ಹೋದದ್ದು, ಪಟ್ಟಿಯಲ್ಲಿ ಇಲ್ಲದ ದಿನಗಳ ಭೇಟಿ, ಇವಕ್ಕೆಲ್ಲ ಕಾಲಂ ಇಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾ ಕಾರ್ಯಕರ್ತೆಯರಿಗೆಲ್ಲ ಪ್ರಶಸ್ತಿ ಕೊಟ್ಟಾಗ ನಮಗೆ ತುಂಬ ಸಂತೋಷ ಆಯಿತು. 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಗುಲಾಬಿ ಸೀರೆ ಉಟ್ಟು ಹಗಲು ರಾತ್ರಿ ಕೂತವರೂ ನಾವೇ. ತಿಂಗಳಿಗೆ 15 ಸಾವಿರ ಕೊಡಿ ಅಂತ ಕೇಳಿದ್ದು. ಜಾಸ್ತಿ ಕೇಳಿದೆವು ಅಂತ ನನಗೆ ಅನ್ನಿಸುವುದಿಲ್ಲ. ಒಂದೇ ಮನೆಗೆ ಮತ್ತೆ ಮತ್ತೆ ಹೋಗಬೇಕಾದರೆ ಹೋಗುವವಳ ಮನೆಯಲ್ಲೂ ಒಲೆ ಉರಿಯಬೇಕಲ್ವಾ?

ಈ ಹೋಗಿ ಬರುವುದರಲ್ಲೇ ಎಲ್ಲ ಇದೆ. ಒಂದೇ ಸಲ ಹೋಗಿ ಬುದ್ಧಿ ಹೇಳಿ ಬಂದಿದ್ದರೆ ಆ ಅಜ್ಜಿ ನನ್ನನ್ನು ನಂಬಬೇಕಾದ ಕಾರಣವೇ ಇರಲಿಲ್ಲ. ಮೂರನೇ ದಿನ ಹೇಳಿದ್ದು ಏಳನೇ ದಿನ ನಿಜವಾಯಿತು. ಏಳನೇ ದಿನ ಮಾತಾಡಿದವಳೇ ಕಷ್ಟ ಬಂದ ಬೆಳಿಗ್ಗೆ ಓಡಿ ಬಂದಳು. ಹೀಗೆ ಮನಸ್ಸಿಗೆ ಬಂದ ನಂಬಿಕೆಯಿಂದ ಆ ಅಜ್ಜಿ ತಮ್ಮ ಮಗನ, ಅಂದರೆ ಹುಡುಗಿಯ ಚಿಕ್ಕಪ್ಪನ ಎದುರು ಎದ್ದು ನಿಂತರು. ಯಾವ ಪೋಸ್ಟರ್, ಯಾವ ವಿಡಿಯೋ ಈ ಕೆಲಸ ಮಾಡಲಾರದು.

28ನೇ ದಿನ ತೂಕ 2 ಕೆಜಿ 350 ಗ್ರಾಂ. ಅಲ್ಲಿಂದ ಸರಸರ ಏರಿತು. ದಿನಕ್ಕೆ ಇಪ್ಪತ್ತು ಮೂವತ್ತು ಗ್ರಾಂ ಏರಿದರೆ ಚೆನ್ನಾಗಿ ಬೆಳೆಯುತ್ತಿದೆ ಅಂತ ಲೆಕ್ಕ. 42ನೇ ದಿನ 2 ಕೆಜಿ 750. ಜೋಲಿಯಲ್ಲಿ ಮಲಗಿಸಿದರೆ ಕಾಲು ಒದ್ದು ಮುಳ್ಳು ನಿಲ್ಲಗೊಡಲಿಲ್ಲ. ಅಜ್ಜಿ ಕಾಲು ಹಿಡಿದರು, ಆಮೇಲೆ ಓದಿದೆ.

ಆ ದಿನ ಮಾತು ಬೇರೆ. ಒಂದೂವರೆ ತಿಂಗಳ ಲಸಿಕೆ ಹಾಕಿಸಬೇಕು. ಪೆಂಟಾ, ಪೋಲಿಯೋ, ರೋಟಾ, ನ್ಯುಮೋನಿಯಾದ್ದು. ಸೂಜಿ ಚುಚ್ಚಿದ ದಿನ ಜ್ವರ ಬರಬಹುದು, ಸಿಸ್ಟರ್ ಕೊಡುವ ಪ್ಯಾರಸಿಟಮಾಲ್ ಹಾಕಿ. ಮಗು ಸಣ್ಣದು ಅಂತ ಲಸಿಕೆ ಮುಂದೆ ಹಾಕಬೇಡಿ, ಸಣ್ಣ ಮಗುವಿಗೇ ಅದು ಜಾಸ್ತಿ ಬೇಕು. ಆರು ತಿಂಗಳು ಎದೆಹಾಲು ಮಾತ್ರ, ನೀರೂ ಬೇಡ. ಹುಡುಗಿಯನ್ನು ಒಳಗೆ ಕರೆದು ಇನ್ನೊಂದು ಮಗು ಯಾವಾಗ ಅಂತ ಕೇಳಿದೆ. "ಮೂರು ವರ್ಷ ಬೇಡ ಅಕ್ಕ" ಅಂದಳು. ವಂಕಿ ಅಂದರೆ ಕಾಪರ್-ಟಿ, ಗರ್ಭ ತಡೆಯುವ ಅಂತರಾ ಇಂಜೆಕ್ಷನ್, ನಿರೋಧ್ ಎಲ್ಲದರ ಬಗ್ಗೆ ಹೇಳಿದೆ. ಗಂಡನ ಜೊತೆ ಮಾತಾಡಿ ಹೇಳ್ತೀನಿ ಅಂದಳು. ಕಬ್ಬಿಣದ ಮಾತ್ರೆ ಬಾಣಂತಿಗೂ 180 ದಿನ. ಈ ಸಲ ಬಿಡದೆ ನುಂಗುತ್ತಿದ್ದಳು, ಖಾಲಿ ಪಟ್ಟಿಗಳನ್ನು ತೋರಿಸಿದಳು.

ಮೂರನೇ ತಿಂಗಳಿಗೆ ಗಂಡನ ಊರಿಗೆ ಹೋಗುವುದು ಅಂತ ಗೊತ್ತಾಗಿತ್ತು. 2018ರಿಂದ ಇನ್ನೊಂದು ಸುತ್ತಿನ ಭೇಟಿಗಳೂ ಇವೆ, 3, 6, 9, 12 ಮತ್ತು 15ನೇ ತಿಂಗಳು. ಅವೆಲ್ಲ ಆ ಊರಿನ ಆಶಾ ಮಾಡಬೇಕಾದದ್ದು. ಅವರ ನಂಬರ್ ತಾಯಿ ಕಾರ್ಡಿನ ಮೇಲೇ ಬರೆದಿತ್ತು. ಅಲ್ಲೇ ಕೂತು ಫೋನ್ ಹಚ್ಚಿದೆ. ಹುಟ್ಟಿದ ತೂಕ, ಸೋಂಕಾಗಿ ಆಸ್ಪತ್ರೆ ಸೇರಿದ್ದು, ಈಗಿನ ತೂಕ, ತಾಯಿಯ ಹಿಮೋಗ್ಲೋಬಿನ್ ಎಲ್ಲ ಹೇಳಿ, ಕಾರ್ಡಿನ ಪುಟಗಳ ಫೋಟೊ ವಾಟ್ಸಾಪ್‌ನಲ್ಲಿ ಕಳಿಸಿದೆ. "ಯಾವತ್ತು ಬರ್ತಾರೆ ಅಂತ ಒಂದು ದಿನ ಮುಂಚೆ ಹೇಳಿ ಅಕ್ಕ, ಅವತ್ತೇ ಮನೆಗೆ ಹೋಗ್ತೀನಿ" ಅಂದರು ಅವರು. ಫೋನ್ ಇಡುವ ಮುಂಚೆ ಅಜ್ಜಿ "ನನ್ನ ಕೈಗೆ ಕೊಡು" ಅಂದರು. ಮಗು ಮಲಗಿರುವಾಗಲೇ ಉಸಿರು ಎಣಿಸಬೇಕು, ಎತ್ತಿದ ಮೇಲೆ ಎಣಿಸಿದರೆ ಲೆಕ್ಕ ಸಿಗಲ್ಲ ಅಂತ ಆ ಊರಿನ ಆಶಾಗೆ ಹೇಳಿ, ಫೋನ್ ನನಗೆ ವಾಪಸ್ ಕೊಟ್ಟರು.